ಕಂಠಕ್ಕೆ ವಾರಸುದಾರರಿಲ್ಲ

ನಮ್ಮ ಕಛೇರಿಗಳಲ್ಲಿ ಯುವ ಗಾಯಕರನ್ನು ಪರಿಚಯಿಸುವ ನಿರೂಪಕರು ಮೊದಲು ಓದುವುದು ವಂಶಾವಳಿ. ಯಾರ ಮಗ, ಯಾರ ಮೊಮ್ಮಗಳು, ಎಷ್ಟನೇ ತಲೆಮಾರು. ಕಲಿಸಿದ ಗುರುವಿನ ಹೆಸರು ಆಮೇಲೆ. ಕೊನೆಗೆ 'ಇವರಿಗೆ ಸಂಗೀತ ರಕ್ತಗತ' ಎಂದುಬಿಟ್ಟರೆ ಚಪ್ಪಾಳೆ ಖಚಿತ. ಈ ಮಾತಿನ ಮೇಲೆ ನನಗೆ ಬಹುಕಾಲದ ತಕರಾರಿದೆ. ಅದು ಅತಿಶಯೋಕ್ತಿ ಎಂದಲ್ಲ. ವೇದಿಕೆಯ ಮೇಲಿನ ಅತಿಶಯೋಕ್ತಿಯನ್ನು ನುಂಗಿಕೊಳ್ಳುವುದು ನಮಗೆಲ್ಲ ರೂಢಿಯಾಗಿದೆ. ತಕರಾರು ಇರುವುದು ಆ ಮಾತು ಮಾಡುವ ಕೆಲಸದ ಬಗ್ಗೆ. ರಕ್ತ ಎಂದ ಕೂಡಲೇ ಸಂಗೀತವನ್ನು ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾರಿಗೆ ಕೊಡಲಿಲ್ಲ ಎಂದು ಕೇಳುವ ಅಗತ್ಯವೇ ಇಲ್ಲವಾಗುತ್ತದೆ.

ಇದಕ್ಕೆ ಧಾರವಾಡ ಸೀಮೆಯ ರಸಿಕರು ಕೊಡುವ ಸಿದ್ಧ ಉತ್ತರವೊಂದಿದೆ. ಅದನ್ನೂ ನಾನು ಪೂರ್ತಿ ಒಪ್ಪಲಾರೆ. ಮಲ್ಲಿಕಾರ್ಜುನ ಮನ್ಸೂರರು ಒಕ್ಕಲುತನದ ಮನೆಯವರು, ಭೀಮಸೇನ ಜೋಶಿಯವರ ತಂದೆ ಶಾಲಾ ಮಾಸ್ತರರು, ವೆಂಕಟೇಶ ಕುಮಾರರು ಬಳ್ಳಾರಿ ಕಡೆಯ ಬಡಕುಟುಂಬದ ಹುಡುಗ. ಇವರಲ್ಲಿ ಯಾರೂ ಖಾನ್‌ದಾನಿಗಳಲ್ಲ, ಆದ್ದರಿಂದ ಪ್ರತಿಭೆ ಯಾರಪ್ಪನ ಆಸ್ತಿಯೂ ಅಲ್ಲ ಎಂಬುದು ಆ ಉತ್ತರ. ಕೇಳಲು ಹಿತವಾಗಿದೆ, ನಮ್ಮ ಪ್ರಾದೇಶಿಕ ಅಭಿಮಾನಕ್ಕೂ ಒಪ್ಪುತ್ತದೆ. ಆದರೆ ಸ್ವಲ್ಪ ಹತ್ತಿರ ಹೋಗಿ ನೋಡಿ. ಮನ್ಸೂರರ ಅಣ್ಣ ಬಸವರಾಜರು ನಾಟಕ ಕಂಪನಿಯವರು; ಮಲ್ಲಿಕಾರ್ಜುನರು ಚಿಕ್ಕಂದಿನಲ್ಲೇ ರಂಗದ ಮೇಲೆ ನಿಂತು ಹಾಡಿದ್ದು, ಪಿಟೀಲಿನ ಅಪ್ಪಯ್ಯಸ್ವಾಮಿಗಳ ಕಣ್ಣಿಗೆ ಬಿದ್ದದ್ದು ಆ ದಾರಿಯಿಂದ. ಭೀಮಸೇನರು ಅಬ್ದುಲ್ ಕರೀಮ್ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮರುಳಾದ ಕಥೆ ಎಲ್ಲರಿಗೂ ಬಾಯಿಪಾಠ. ಅದಕ್ಕೂ ಮೊದಲು ಮನೆಯಲ್ಲಿ ತಾಯಿಯ ಭಜನೆ ಕೇಳಿ ಬೆಳೆದದ್ದು ಆ ಕಥೆಯಲ್ಲಿ ಉಳಿಯುವುದಿಲ್ಲ. ವೆಂಕಟೇಶ ಕುಮಾರರ ತಂದೆ ಹುಲೆಪ್ಪನವರು ಜನಪದ ಗಾಯಕರು, ತೊಗಲುಗೊಂಬೆ ಆಡಿಸುವವರು. 1968ರಲ್ಲಿ ಹುಡುಗನನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದುಕೊಂಡು ಹೋಗಿ ಪುಟ್ಟರಾಜ ಗವಾಯಿಗಳಿಗೆ ಒಪ್ಪಿಸಿದ ಸೋದರಮಾವ ಬೆಳಗಲ್ಲು ವೀರಣ್ಣನವರು, ತೊಗಲುಗೊಂಬೆ ಕಲೆಯಲ್ಲಿ ನಾಡೇ ಬಲ್ಲ ಹೆಸರು. ಈ ಮನೆಗೆ 'ಸಂಗೀತದ ಹಿನ್ನೆಲೆ ಇರಲಿಲ್ಲ' ಎಂದು ಬರೆಯುವವರ ಲೆಕ್ಕದಲ್ಲಿ, ಪರದೆಯ ಹಿಂದೆ ಕೂತು ಬೆಳಗಿನ ತನಕ ರಾಮಾಯಣ ಹಾಡುವುದು ಸಂಗೀತವಲ್ಲ. ವಂಶವನ್ನು ಹೊಗಳುವವರಿಗೂ ವಂಶವಿಲ್ಲ ಎಂದು ಹೊಗಳುವವರಿಗೂ ಸಂಗೀತದ ಮನೆತನ ಎಂದರೆ ಏನು ಎಂಬುದರ ಬಗ್ಗೆ ಒಂದೇ ಇಕ್ಕಟ್ಟಾದ ಕಲ್ಪನೆ ಇದೆ.

ಮನೆ ಲೆಕ್ಕಕ್ಕೆ ಬರುತ್ತದೆ, ಬಹಳವೇ ಬರುತ್ತದೆ. ಆದರೆ ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು ಪ್ರತಿಭೆಯಲ್ಲ ಎಂಬುದು ನನ್ನ ವಾದ. ಕಿವಿಗೆ ಬೀಳುವ ಸ್ವರ ಇಳಿಯುತ್ತದೆ, ಚೀಜುಗಳ ಮೇಲಿನ ಹಕ್ಕು ಇಳಿಯುತ್ತದೆ, ಹೆಸರು ಇಳಿಯುತ್ತದೆ. ಈ ಮೂರೂ ಒಬ್ಬರಿಗೇ ಸಿಗಬೇಕೆಂದಿಲ್ಲ. ಎಷ್ಟೋ ಮನೆಗಳಲ್ಲಿ ಕಿವಿ ಒಬ್ಬರಿಗೆ, ಹಕ್ಕು ಇನ್ನೊಬ್ಬರಿಗೆ, ಹೆಸರು ಮತ್ತೊಬ್ಬರಿಗೆ ಹೋಗಿದೆ.

ಗಂಗೂಬಾಯಿ ಹಾನಗಲ್ಲರ ಮನೆಯನ್ನೇ ತೆಗೆದುಕೊಳ್ಳೋಣ. ಅಜ್ಜಿ ಕಮಲಾಬಾಯಿ, ತಾಯಿ ಅಂಬಾಬಾಯಿ, ಮಗಳು ಗಂಗೂಬಾಯಿ, ಮೊಮ್ಮಗಳು ಕೃಷ್ಣಾ. ಗಾಯನ ಹೆಣ್ಣಿನಿಂದ ಹೆಣ್ಣಿಗೆ ನಡೆದುಬಂದ ಮನೆ. ಮೂರು ತಲೆಮಾರು ತುಂಬಿದರೆ ಘರಾಣೆ ಎನ್ನಬಹುದು ಎಂದು ಸಂಗೀತಶಾಸ್ತ್ರಜ್ಞರು ಲೆಕ್ಕ ಹಾಕುತ್ತಾರಲ್ಲ, ಆ ಲೆಕ್ಕದಲ್ಲಿ ಇದಕ್ಕಿಂತ ಖಾನ್‌ದಾನಿ ಮನೆ ಬೇಕೇ? ಆದರೆ ಇದೇ ವಂಶಾವಳಿ ಇವರಿಗೆ ತಂದುಕೊಟ್ಟದ್ದು ಬಿರುದನ್ನಲ್ಲ, ಅವಮಾನವನ್ನು. ಧಾರವಾಡದ ಬೀದಿಯಲ್ಲಿ ಹೋಗುವಾಗ ಹುಡುಗಿಯನ್ನು ಗಾಯಕಿಯರ ಮನೆಯವಳೆಂದು ಮೂದಲಿಸುತ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆ ಹಾಡಿದ ಆ ಬಾಲಕಿಗೆ, ಊಟವಾದ ಮೇಲೆ ಎಂಜಲೆಲೆ ಎತ್ತಲು ಹೇಳಿಬಿಟ್ಟಾರು ಎಂಬ ಅಂಜಿಕೆ ಇತ್ತು. ಆತ್ಮಕಥೆಯಲ್ಲೂ ಸಂದರ್ಶನಗಳಲ್ಲೂ ಇಂಥದ್ದನ್ನೆಲ್ಲ ಅವರು ಕಹಿಯಿಲ್ಲದೆ, ಆದರೆ ಮರೆಮಾಚದೆ ಹೇಳಿದ್ದಾರೆ. ರಕ್ತದಲ್ಲಿ ಸಂಗೀತವಿದೆ ಎಂಬುದು ಜೀವಶಾಸ್ತ್ರದ ಹೇಳಿಕೆಯಾಗಿದ್ದರೆ ಗಂಡಿಗೂ ಹೆಣ್ಣಿಗೂ ಅದು ಒಂದೇ ಬೆಲೆ ತರಬೇಕಿತ್ತು. ಉಸ್ತಾದರ ಮಗನಿಗೆ ಅದು ಮಾನಪತ್ರ, ಅಂಬಾಬಾಯಿಯ ಮಗಳಿಗೆ ಅದು ಕಳಂಕ. ಹಾಗಾದರೆ ನಾವು ಆಡುತ್ತಿರುವುದು ರಕ್ತದ ಮಾತಲ್ಲ, ದರ್ಜೆಯ ಮಾತು.

ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ನುರಿತವರು. ಮಗಳು ಹಿಂದೂಸ್ತಾನಿ ಕಡೆ ಹೊರಳಿದಾಗ ಅವಳ ಸ್ವರ ಹಚ್ಚುವ ರೀತಿಗೆ ತಮ್ಮ ಗಮಕ ಅಂಟಿಕೊಳ್ಳಬಾರದೆಂದು ತಾವು ಹಾಡುವುದನ್ನೇ ಬಿಟ್ಟರು. ಈ ಪ್ರಸಂಗವನ್ನು ನಾವು ತಾಯಿಯ ತ್ಯಾಗದ ಕಥೆಯಾಗಿ ಹೇಳಿ ಕಣ್ಣೊರೆಸಿಕೊಂಡು ಮುಗಿಸುತ್ತೇವೆ. ಅದರೊಳಗಿನ ಸಂಗೀತದ ವಿವೇಕ ನಮ್ಮ ಗಮನಕ್ಕೆ ಬರುವುದಿಲ್ಲ. ಪಾಠಕ್ಕಿಂತ ಮೊದಲು ಕಿವಿ ಕಲಿಯುತ್ತದೆ ಎಂದು ಆ ತಾಯಿಗೆ ಗೊತ್ತಿತ್ತು. ತನ್ನ ಸಂಗೀತ ರಕ್ತದ ಮೂಲಕ ಮಗಳಿಗೆ ಇಳಿದಿದೆ ಎಂದು ಅವರು ನಂಬಿದ್ದರೆ ಬಾಯಿ ಮುಚ್ಚಿಕೊಂಡು ಪ್ರಯೋಜನವೇನಿತ್ತು? ಇಳಿಯುವುದು ಗಾಳಿಯಲ್ಲಿ, ಅಡಿಗೆಮನೆಯಿಂದ ಪಡಸಾಲೆಗೆ ಬರುವ ದನಿಯಲ್ಲಿ. ಅದನ್ನು ತಡೆಯಲು ಅವರಿಗೆ ಇದ್ದ ದಾರಿ ಮೌನ ಒಂದೇ. ಸಂಗೀತ ಹೇಗೆ ಹಸ್ತಾಂತರವಾಗುತ್ತದೆ ಎಂಬುದರ ಬಗ್ಗೆ ನನಗೆ ಗೊತ್ತಿರುವ ಅತ್ಯಂತ ಸೂಕ್ಷ್ಮ ತೀರ್ಮಾನ ಇದು, ಮತ್ತು ಇದನ್ನು ಮಾಡಿದವರು ಯಾವ ಘರಾಣೆಯ ಪಟ್ಟಿಯಲ್ಲೂ ಇಲ್ಲ.

ಇನ್ನು ಆ ಕಂಠ. ಗಂಗೂಬಾಯಿಯವರದೆಂದು ನಾವು ಗುರುತಿಸುವ ಗಡಸು, ಗಂಡುದನಿಗೆ ಹತ್ತಿರವಾದ ಕಂಠ ಹುಟ್ಟಿನಿಂದ ಬಂದದ್ದಲ್ಲ. ಅವರ ಎಳೆಯ ವಯಸ್ಸಿನ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ದನಿ. ಗಂಟಲಿನ ಕಾಯಿಲೆ ಮತ್ತು ಚಿಕಿತ್ಸೆಯ ನಂತರ ಅದು ಇಳಿಯಿತು. ಕುಂದಗೋಳದಲ್ಲಿ ಸವಾಯಿ ಗಂಧರ್ವರಿಂದ ಪಡೆದ ತಾಲೀಮನ್ನು ಅವರು ಈ ಹೊಸ ಕಂಠಕ್ಕೆ ಹೊಂದಿಸಿಕೊಳ್ಳಬೇಕಾಯಿತು. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು ಕಲಿತ ಆ ಪಾಠ, ಒಂದೊಂದೇ ಸ್ವರವನ್ನು ಅಲುಗಾಡದಂತೆ ನಿಲ್ಲಿಸುವ ಪಾಠ, ಈ ದನಿಯಲ್ಲಿ ಕಿರಾಣಾ ಘರಾಣೆಯ ಮಾಮೂಲಿ ಮಾಧುರ್ಯ ಬಿಟ್ಟು ಬೇರೊಂದು ಗಾಂಭೀರ್ಯ ಪಡೆಯಿತು.

ಕೃಷ್ಣಾ ಹಾನಗಲ್ ಅವರನ್ನು ಕೇಳುವುದು ಹೇಗೆಂದು ನಾವು ಕಲಿಯಲೇ ಇಲ್ಲ. ತಾಯಿ ಮಗಳು ಕೂಡಿ ಹಾಡಿದ ಯಾವುದಾದರೂ ಮುದ್ರಿಕೆಯ ವಿಲಂಬಿತ ಭಾಗವನ್ನು ಮಗಳ ಮೇಲೆ ಕಿವಿ ನೆಟ್ಟು ಕೇಳಿ. ತಾಯಿ ಒಂದು ಸ್ವರದ ಮೇಲೆ ನಿಂತು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಮಗಳ ದನಿ ಅಲ್ಲಿ ಆಗಲೇ ಇರುತ್ತದೆ. ಆಲಾಪ ಎಲ್ಲೂ ಹರಿಯದ ಹಾಗೆ ಆ ಸ್ವರವನ್ನು ಹಿಡಿದಿಟ್ಟು, ತಾಯಿ ಮರಳಿ ಎತ್ತಿಕೊಂಡ ಕೂಡಲೇ ಹಿಂದೆ ಸರಿಯುತ್ತದೆ. ವಯಸ್ಸಾದಂತೆ ತಾಯಿಯ ಉಸಿರು ಗಿಡ್ಡವಾಯಿತು, ಮಗಳು ತುಂಬಬೇಕಾದ ಜಾಗ ದೊಡ್ಡದಾಯಿತು. ತಾರಸ್ಥಾಯಿಯ ಎಷ್ಟೋ ಸ್ವರಗಳನ್ನು ಕೊನೆಯ ವರ್ಷಗಳಲ್ಲಿ ಮುಟ್ಟುತ್ತಿದ್ದವರು ಕೃಷ್ಣಾ ಅವರೇ. ಮುಂದಿನ ಹೆಜ್ಜೆ ಯಾವುದೆಂದು ಮೊದಲೇ ಬಲ್ಲ ಈ ಕೌಶಲ ಸ್ವತಂತ್ರ ಕಛೇರಿ ಮಾಡುವುದಕ್ಕಿಂತ ಕಡಿಮೆಯದಲ್ಲ, ಆದರೆ ಅದನ್ನು ಅಳೆಯುವ ಪರಿಭಾಷೆ ನಮ್ಮ ವಿಮರ್ಶೆಯಲ್ಲಿ ಇಲ್ಲ. 2004ರಲ್ಲಿ ಅವರು ತಾಯಿಗಿಂತ ಮೊದಲೇ ತೀರಿಕೊಂಡರು. 'ಗಂಗೂಬಾಯಿಯವರ ಮಗಳು, ಶಿಷ್ಯೆ' ಎನ್ನುವಷ್ಟಕ್ಕೇ ನಮ್ಮ ಬರವಣಿಗೆ ನಿಂತಿತು.

ರಕ್ತವಾದಿಗಳ ಬಲವಾದ ಸಾಕ್ಷಿ ಎಂದರೆ ಅಬ್ದುಲ್ ಕರೀಮ್ ಖಾನರ ಮಕ್ಕಳು. ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ್, ಸರಸ್ವತಿ ರಾಣೆ. ಒಂದೇ ಮನೆಯಲ್ಲಿ ಇಷ್ಟು ಜನ! ಆದರೆ 1922ರ ಸುಮಾರಿಗೆ ಅವರ ತಾಯಿ ತಾರಾಬಾಯಿ ಮಾನೆಯವರು ಮಕ್ಕಳನ್ನು ಕರೆದುಕೊಂಡು ಖಾನರನ್ನು ಬಿಟ್ಟು ಹೊರಬಂದರು. ಅಬ್ದುಲ್ ರೆಹಮಾನ್ ಸುರೇಶಬಾಬು ಆದದ್ದು, ಸಕೀನಾ ಸರಸ್ವತಿ ಆದದ್ದು ಆಗ. ಅಂದರೆ ತಂದೆಯ ಹೆಸರೂ ಹಕ್ಕೂ ಎರಡೂ ಕಳಚಿಬಿದ್ದವು. ಹೀರಾಬಾಯಿಯವರ ಗಾಯನವನ್ನು ತಿದ್ದಿ ತೀಡಿದವರು ಅಣ್ಣ ಸುರೇಶಬಾಬು ಮತ್ತು ಕಿರಾಣಾದ ಇನ್ನೊಬ್ಬ ದೊಡ್ಡ ಉಸ್ತಾದ್ ಅಬ್ದುಲ್ ವಾಹಿದ್ ಖಾನ್. ತಂದೆಯ ಬಳಿ ಎಳವೆಯಲ್ಲಿ ಕಿವಿಗೆ ಬಿದ್ದದ್ದು ಉಳಿದಿತ್ತು ನಿಜ. ಆದರೆ ಖಾನರಿಂದ ನೇರ ತಾಲೀಮು ಪಡೆದು ಅವರ ಗಾಯಕಿಯನ್ನು ನಮ್ಮ ಕಡೆ ಬೇರೂರಿಸಿದವರು ಅಮರಗೋಳದಲ್ಲಿ ಹುಟ್ಟಿದ ರಾಮಚಂದ್ರ ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು. ಆ ಗುರುವಿನ ಸ್ಮರಣೆಯ ಉತ್ಸವವನ್ನು 1953ರಿಂದ ಪುಣೆಯಲ್ಲಿ ಕಟ್ಟಿ ಬೆಳೆಸಿದ್ದರಲ್ಲಿ ಮುಂದೆ ನಿಂತವರು ಶಿಷ್ಯ ಭೀಮಸೇನರು. ಸುರೇಶಬಾಬು ಮತ್ತು ಹೀರಾಬಾಯಿಯವರ ವಿದ್ಯೆ ಮುಂದುವರಿದದ್ದು ಪ್ರಭಾ ಅತ್ರೆಯವರಲ್ಲಿ, ಅವರದು ಸಂಗೀತಗಾರರ ಮನೆಯಲ್ಲ. ಎಲ್ಲಿ ನೋಡಿದರೂ ವಿದ್ಯೆ ಹೊಸಿಲು ದಾಟಿಯೇ ಮುಂದೆ ಹೋಗಿದೆ.

ಹಾಗಾದರೆ ರಕ್ತದ ಮಾತು ಎಲ್ಲಿಂದ ಬಂತು? ಆಸ್ತಿಯ ವ್ಯವಹಾರದಿಂದ. ಚೀಜು, ಗತ್ತು, ಅಪರೂಪದ ರಾಗ ಇವು ಅನ್ನದ ದಾರಿಯಾಗಿದ್ದ ಕಾಲದಲ್ಲಿ ಅವನ್ನು ಮನೆಯೊಳಗೇ ಇಟ್ಟುಕೊಳ್ಳುವುದು ಸಹಜ. ಸೋದರಸಂಬಂಧಿಗಳಲ್ಲೇ ಮದುವೆ, ಮಗಳ ಜೊತೆ ಅಳಿಯನಿಗೆ ಬಳುವಳಿಯಾಗಿ ಬಂದಿಶು. ಲಖನೌದ ಬಖ್ಶೂ ಖಾನರು ಅಳಿಯ ಹಾಜಿ ವಿಲಾಯತ್ ಅಲಿಯವರಿಗೆ ತಬಲಾದ ಗತ್ತುಗಳನ್ನೇ ವರದಕ್ಷಿಣೆಯಾಗಿ ಕೊಟ್ಟರೆಂದು ಫರೂಖಾಬಾದ್ ಘರಾಣೆಯವರು ಇಂದಿಗೂ ಹೇಳುತ್ತಾರೆ. ಹೊಲದ ಉತಾರಿನಲ್ಲಿ ವಾರಸುದಾರರ ಹೆಸರು ಏರಿಸಿದ ಹಾಗೆ ಇದು. ಬೆಳೆ ತೆಗೆಯಲು ಯಾರಿಗೆ ಬರುತ್ತದೆ ಎಂಬುದು ಆ ಕಾಗದಕ್ಕೆ ಸಂಬಂಧಿಸಿದ್ದಲ್ಲ. ಮೈಹರ್‌ನ ಅಲ್ಲಾವುದ್ದೀನ್ ಖಾನರ ಮನೆಯಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ಹಿರಿಯ ಮಗಳಿಗೆ ಕಲಿಸಿದ ಸಂಗೀತ ಅವಳ ಅತ್ತೆಮನೆಯಲ್ಲಿ ರಾದ್ಧಾಂತ ತಂದಿತೆಂದು ಕಿರಿಯ ಮಗಳಿಗೆ ಕಲಿಸುವುದೇ ಬೇಡ ಎಂದುಕೊಂಡಿದ್ದರು. ಅಣ್ಣ ಅಲಿ ಅಕ್ಬರ್ ಪಾಠ ತಪ್ಪಿದಾಗ ಆ ಹುಡುಗಿ ತಿದ್ದಿದ್ದು ಕೇಳಿಸಿದ ಮೇಲೆ ನಿರ್ಧಾರ ಬದಲಾಯಿತು. ಆಕೆಯೇ ಅನ್ನಪೂರ್ಣಾದೇವಿ. ಒಂದೇ ಅಪ್ಪ, ಒಂದೇ ಅಮ್ಮ, ಒಂದೇ ಮನೆ. ಕಿವಿಗೆ ತಡೆ ಇರಲಿಲ್ಲ, ಹಕ್ಕಿಗೆ ಇತ್ತು.

ಎದುರು ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. 2014ರಲ್ಲಿ ಸ್ವೀಡನ್ನಿನ 10,000ಕ್ಕೂ ಹೆಚ್ಚು ಅವಳಿಗಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಸ್ವರ, ಲಯ, ಧಾಟಿಗಳ ವ್ಯತ್ಯಾಸ ಗುರುತಿಸುವ ಪರೀಕ್ಷೆಯಲ್ಲಿ, ಹೆಚ್ಚು ಅಭ್ಯಾಸ ಮಾಡಿದವರೂ ಕಡಿಮೆ ಮಾಡಿದವರೂ ಒಂದೇ ವಂಶವಾಹಿಯ ಅವಳಿಗಳಾಗಿದ್ದರೆ ಅವರ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಅಭ್ಯಾಸ ಮಾಡಬೇಕೆಂಬ ತುಡಿತವೂ ಒಂದಷ್ಟು ಹುಟ್ಟಿನಿಂದಲೇ ಬರುತ್ತದೆ ಎಂದೂ ಸಂಶೋಧಕರು ಕಂಡುಕೊಂಡರು. ಎಲ್ಲವೂ ರಿಯಾಜಿನಿಂದ ಎಂದು ಭಾಷಣ ಮಾಡುವವರು ಇದನ್ನು ಓದಿಕೊಂಡರೆ ಒಳ್ಳೆಯದು. ಆದರೆ ಆ ಪರೀಕ್ಷೆ ಅಳೆದದ್ದು ಎರಡು ಸ್ವರಗಳಲ್ಲಿ ಯಾವುದು ಎತ್ತರ ಎಂಬಂಥ ಸಾಮರ್ಥ್ಯವನ್ನು. ಮಾರವಾ ರಾಗವನ್ನು ಷಡ್ಜದ ಮೇಲೆ ಕೂರಿಸದೆ ಅರ್ಧ ಗಂಟೆ ಬೆಳೆಸುವುದು ಆ ಜಾತಿಯ ಸಾಮರ್ಥ್ಯವಲ್ಲ. ಚುರುಕು ಕಿವಿ ಹುಟ್ಟಿನಿಂದ ಬರಬಹುದು, ಆದರೆ ಆ ಕಿವಿ ಮಾರವಾ ಕೇಳಬೇಕಾದರೆ ಅದನ್ನು ಹಾಡುವ ಮನೆಯೋ ಗುರುವೋ ಆಶ್ರಮವೋ ಬೇಕು.

ಎದುರು ವಾದಕ್ಕೆ ನಮ್ಮಲ್ಲೇ ಇನ್ನೂ ಗಟ್ಟಿ ಸಾಕ್ಷಿಗಳಿವೆ. ಧಾರವಾಡದ ಸಿತಾರ್ ರತ್ನ ರಹಿಮತ್ ಖಾನರ ಮನೆ. ಮಗ ಅಬ್ದುಲ್ ಕರೀಮ್ ಖಾನ್ (ಮೇಲೆ ಹೇಳಿದ ಕಿರಾಣಾದ ಗಾಯಕರಲ್ಲ), ಮೊಮ್ಮಗ ಬಾಲೇಖಾನ್ ಮತ್ತು ಸಹೋದರರು, ಅವರ ಮುಂದಿನವರು. ಹಾಸನ ಜಿಲ್ಲೆಯಲ್ಲಿ ಕಾವೇರಿಯ ದಂಡೆಯ ರುದ್ರಪಟ್ಟಣ, ಆರ್.ಕೆ. ಶ್ರೀಕಂಠನ್ ಅವರಂಥವರನ್ನು, ರುದ್ರಪಟ್ಟಣ ಸಹೋದರರನ್ನು ಕೊಟ್ಟ ಸಂಕೇತಿಗಳ ಊರು. ಇವುಗಳ ಮುಂದೆ ನನ್ನ ವಾದ ಸಣ್ಣಗಾಗುವುದಿಲ್ಲ, ಸ್ಪಷ್ಟವಾಗುತ್ತದೆ. ವಾದ್ಯದ ಮನೆಯಲ್ಲಿ ಎಳೆಯ ಬೆರಳಿಗೆ ವಾದ್ಯ ಸಿಗುತ್ತದೆ. ತಂತಿ ಒತ್ತಿ ಒತ್ತಿ ಬೆರಳತುದಿ ಗಟ್ಟಿಯಾಗುವ ವಯಸ್ಸಿನಲ್ಲಿ ತಿದ್ದಲು ಚಿಕ್ಕಪ್ಪನೋ ಅಣ್ಣನೋ ಪಕ್ಕದಲ್ಲೇ ಇರುತ್ತಾನೆ. ಆ ವಯಸ್ಸು ಕಳೆದ ಮೇಲೆ ಬಂದವನಿಗೆ ಅದು ಕಷ್ಟ. ಗಾಯನದಲ್ಲಿ ಹೀಗಿಲ್ಲ. ಹುಡುಗನಿಗೆ ದನಿ ಒಡೆಯುತ್ತದೆ, ಹತ್ತು ವರ್ಷ ಕಟ್ಟಿದ್ದು ಒಂದು ವರ್ಷದಲ್ಲಿ ಮುರಿದು ಬೀಳುತ್ತದೆ, ಮತ್ತೆ ಕಟ್ಟಬೇಕು. ಸಿತಾರಿನ ಮನೆಗಳು ಗಾಯಕರ ಮನೆಗಳಿಗಿಂತ ಹೆಚ್ಚು ತಲೆಮಾರು ಬಾಳಲು ಈ ಸಾದಾ ಕಾರಣ ಸಾಕು ಎಂದು ನನಗನ್ನಿಸುತ್ತದೆ. ಇನ್ನು ರುದ್ರಪಟ್ಟಣ ಒಂದು ಕುಟುಂಬವಲ್ಲ, ಒಂದು ಊರಿಗೆ ಊರೇ ಹಾಡು ಕೇಳುವ ವಾತಾವರಣ. ಜೊತೆಗೆ, ಆ ವಾತಾವರಣದೊಳಕ್ಕೆ ಯಾವ ಜಾತಿಯ ಮಕ್ಕಳಿಗೆ ಪ್ರವೇಶವಿತ್ತು ಎಂಬ ಪ್ರಶ್ನೆಯೂ ಇದೆ. ಅದನ್ನು ಕೇಳದೆ ರುದ್ರಪಟ್ಟಣವನ್ನು ಹೊಗಳಿದರೆ ಹೊಗಳಿಕೆ ಪೂರ್ತಿಯಾಗುವುದಿಲ್ಲ.

ದೊಡ್ಡ ಶೈಲಿಗಳು ಹುಟ್ಟಿದ ರೀತಿಯನ್ನು ಗಮನಿಸಿದರೆ ರಕ್ತದ ವಾದ ಇನ್ನಷ್ಟು ಅಲುಗುತ್ತದೆ. ಅಲ್ಲಾದಿಯಾ ಖಾನರು ಒಮ್ಮೆ ದನಿಯನ್ನೇ ಕಳೆದುಕೊಂಡರು. ಮರಳಿ ಬಂದದ್ದು ಮೊದಲಿನ ಕಂಠವಲ್ಲ, ಅದರಲ್ಲಿ ಹಾಡಲೆಂದು ಅವರು ರೂಪಿಸಿಕೊಂಡದ್ದೇ ನಾವು ಜೈಪುರ-ಅತ್ರೌಲಿ ಎನ್ನುವ ಗಾಯಕಿ. ಕುಮಾರ ಗಂಧರ್ವರಿಗೆ ಕ್ಷಯರೋಗ ಬಂದು ವರ್ಷಗಳ ಕಾಲ ದೇವಾಸ್‌ನಲ್ಲಿ ಹಾಡುವಂತಿರಲಿಲ್ಲ. ಎದ್ದ ಮೇಲೆ ಅವರ ಸಂಗೀತದ ವಾಕ್ಯರಚನೆಯೇ ಬೇರೆಯಾಗಿತ್ತು. ಗಂಗೂಬಾಯಿಯವರ ಕಥೆ ಆಗಲೇ ಹೇಳಿದೆ. ಮೂರೂ ಕಡೆ ಶೈಲಿ ಎಂಬುದು ದೇಹ ಒಡ್ಡಿದ ತೊಡಕಿಗೆ ಬುದ್ಧಿ ಕಂಡುಕೊಂಡ ಉತ್ತರ. ಮಕ್ಕಳಿಗೆ, ಶಿಷ್ಯರಿಗೆ ಸಿಗುವುದು ಉತ್ತರ ಮಾತ್ರ, ತೊಡಕು ಅವರದಲ್ಲ. ಎರಡೂ ಶ್ವಾಸಕೋಶ ಗಟ್ಟಿಯಾಗಿರುವ ತರುಣರು ಕುಮಾರರ ತುಂಡು ತುಂಡು ತಾನುಗಳನ್ನು ಹಾಡುವಾಗ ನನಗೆ ಸ್ವಲ್ಪ ನಗು, ಸ್ವಲ್ಪ ಕನಿಕರ. ಮಗ ಮುಕುಲ್ ಶಿವಪುತ್ರ ಈ ಬಲೆಗೆ ಬೀಳಲಿಲ್ಲ. ತಂದೆಯ ಪಾಠದ ಜೊತೆಗೆ ಕೆ.ಜಿ. ಗಿಂಡೆಯವರಲ್ಲಿ ಧ್ರುಪದ ಧಮಾರ್, ಎಂ.ಡಿ. ರಾಮನಾಥನ್ ಅವರಲ್ಲಿ ಕರ್ನಾಟಕ ಸಂಗೀತ ಕಲಿತರು. ಅವರ ವಿಲಂಬಿತಕ್ಕೆ ತಂದೆಯಲ್ಲಿ ಕಾಣದ ಒಂದು ನಿಧಾನವಿದೆ. ನಮ್ಮ ಪತ್ರಿಕೆಗಳು ಮಾತ್ರ ಅವರಲ್ಲಿ ತಂದೆಯ ಛಾಯೆಯನ್ನೇ ಹುಡುಕಿದವು.

ವಾರಸುದಾರರಿಗೆ ಅನ್ಯಾಯವಾಗುವುದು ಇಲ್ಲಿ. ಮಲ್ಲಿಕಾರ್ಜುನರ ಮಗ ರಾಜಶೇಖರ ಮನ್ಸೂರರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು, ಜೈಪುರ ಘರಾಣೆಯ ಅಪರೂಪದ, ಜೋಡು ರಾಗಗಳ ದೊಡ್ಡ ಸಂಗ್ರಹ ಅವರ ಕಂಠದಲ್ಲಿತ್ತು. ತಂದೆಯ ಹಾಡಿನಲ್ಲಿದ್ದ ರಭಸ, ಸಮಕ್ಕೆ ಬಂದು ಬೀಳುವ ಆ ಅನಿರೀಕ್ಷಿತತೆ ಅವರಲ್ಲಿ ಇರಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಜಟಿಲ ರಾಗದ ಒಳಗೂಡನ್ನು ಕೇಳುಗನಿಗೆ ಬಿಚ್ಚಿ ತೋರಿಸುವ ಒಂದು ಅಧ್ಯಾಪಕ ಸ್ಪಷ್ಟತೆ ಇತ್ತು, ಅದು ತಂದೆಯವರ ಗುಣವಲ್ಲ. 2022ರಲ್ಲಿ ಅವರು ತೀರಿಕೊಂಡಾಗ ಬಂದ ಬರಹಗಳು ಎರಡನ್ನೂ ಹೇಳಲಿಲ್ಲ. 'ತಂದೆಗೆ ತಕ್ಕ ಮಗ' ಎಂದವು. ಇದು ಹೊಗಳಿಕೆಯೂ ಅಲ್ಲ, ವಿಮರ್ಶೆಯೂ ಅಲ್ಲ. ಅಷ್ಟಕ್ಕೂ ತಂದೆ ಮಲ್ಲಿಕಾರ್ಜುನರು ಯಾರ ವಾರಸುದಾರರು? ಅಲ್ಲಾದಿಯಾ ಖಾನರ ಮಗ ಮಂಜಿ ಖಾನರು ಕಲಿಸಿದರು, ಅವರು 1937ರಲ್ಲಿ ತೀರಿಕೊಂಡ ಮೇಲೆ ಇನ್ನೊಬ್ಬ ಮಗ ಭೂರ್ಜಿ ಖಾನರು ಕಲಿಸಿದರು. ಅತ್ರೌಲಿಯ ಮನೆತನದ ಸೊತ್ತು ಲಿಂಗಾಯತ ಒಕ್ಕಲಿಗರ ಹುಡುಗನಿಗೆ ಬಂತು. ಅಲ್ಲಾದಿಯಾ ಖಾನರ ಗಾಯಕಿ ಇಂದು ಉಳಿದಿರುವುದು ಕೇಸರಬಾಯಿ, ಮೋಗೂಬಾಯಿ, ಮನ್ಸೂರರ ಮುದ್ರಿಕೆಗಳಲ್ಲಿ ಮತ್ತು ಅವರಿಂದ ಕಲಿತವರಲ್ಲಿ.

ಇಷ್ಟಾದ ಮೇಲೂ ಮನೆತನಗಳ ಪಟ್ಟಿ ಬೇಕೆನ್ನುವವರು ಮಿರಜಿಗೆ ಹೋಗಲಿ. ಕತ್ತಿ ಗುರಾಣಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು ಹತ್ತೊಂಬತ್ತನೇ ಶತಮಾನದಲ್ಲಿ ತಂಬೂರಿಯ ಕೆಲಸಕ್ಕೆ ತಿರುಗಿದರು, ಅಂದಿನಿಂದ ಅಪ್ಪನಿಂದ ಮಗನಿಗೆ ಬುರುಡೆ ಆರಿಸುವುದು, ಮೇರು ಕೂರಿಸುವುದು, ಜವಾರಿ ತೆಗೆಯುವುದು ನಡೆದುಬಂದಿದೆ. ಕುದುರೆಯ ಮೇಲ್ಮೈಯನ್ನು ಅರದಿಂದ ಕೂದಲೆಳೆಯಷ್ಟು ಉಜ್ಜಿ, ತಂತಿಯಡಿ ಹತ್ತಿದಾರ ಸರಿಸುತ್ತ, ಷಡ್ಜ ಬಿಚ್ಚಿಕೊಳ್ಳುವ ಜಾಗ ಹುಡುಕುವ ಅವರ ಕಿವಿ ಯಾವ ಉಸ್ತಾದರ ಕಿವಿಗೂ ಕಡಿಮೆಯದಲ್ಲ. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಕಛೇರಿಯ ಆಹ್ವಾನಪತ್ರಿಕೆಯಲ್ಲಿ ಗಾಯಕರ ಅಜ್ಜನ ಹೆಸರಿಗೆ ಎರಡು ಸಾಲು ಜಾಗವಿರುತ್ತದೆ. ಅವರ ಹಿಂದೆ ಮಿಡಿಯುವ ಆ ಜೋಡಿ ತಂಬೂರಿಗಳನ್ನು ಮಾಡಿದವರ ಹೆಸರನ್ನು ನಾನು ಯಾವ ಆಹ್ವಾನಪತ್ರಿಕೆಯಲ್ಲೂ ಓದಿಲ್ಲ.